ಗಡಿ ದಾಟುವ ಗಾಡಿ, ತಂಗುವ ಊರು

(ಸುಲ್ತಾನ್ ಬಜಾರಿನಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಿವೃತ್ತಿಯ ಅಂಚಿಗೆ ಬಂದಿರುವ ನಮ್ಮ ಸದಸ್ಯರಲ್ಲಿ ಹಲವರು ಈಚೆಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ವಿಮಾನವೇರದೆ, ರೈಲಿನಲ್ಲಿಯೇ ಕುಳಿತು, ಅಲ್ಲಲ್ಲಿ ಇಳಿದು ತಂಗುತ್ತ, ಪರದೇಶವೊಂದನ್ನು ನೋಡಿ ಬರುವುದು ಸಾಧ್ಯವೆ? ಅದಕ್ಕೆ ಸಿದ್ಧತೆ ಹೇಗೆ? ಕೇಂದ್ರ ಸರಕಾರದ ನೌಕರಿಯಲ್ಲಿ ಊರೂರು ವರ್ಗವಾಗಿ ಅಲೆದ ನನಗೆ ರೈಲಿನ ವೇಳಾಪಟ್ಟಿ ಓದುವ ಚಟ ಅಂಟಿಕೊಂಡಿದೆ ಎಂಬುದನ್ನು ಬಲ್ಲ ಕಾರ್ಯದರ್ಶಿಗಳು, ಇದನ್ನೇ ಕುರಿತು ಮಾತನಾಡಬೇಕೆಂದು ಅಪ್ಪಣೆ ಮಾಡಿದರು. ಸಂತೋಷದಿಂದ ಒಪ್ಪಿಕೊಂಡೆ. ಆದರೆ ಈ ವಿಷಯ ನಮಗೆ ಹೊಸದಲ್ಲ, ನಮ್ಮ ಮನೆತನಗಳಲ್ಲಿ ಹಳೆಯದು ಎಂಬುದನ್ನು ಮೊದಲು ನೆನಪಿಸಬೇಕಾಗಿದೆ.

ನಾವು ಈಗ ಕುಳಿತಿರುವ ಸ್ಥಳವನ್ನೇ ನೋಡಿ. ಇಲ್ಲಿಂದ ಕೂಗಳತೆಯಲ್ಲಿ, ಕೋಠಿಯಲ್ಲಿ, ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 19ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿ ನಿಂತಿದೆ. ಅದರ ಸುತ್ತಲಿನ ಈ ಪೇಟೆಗೆ ರೆಸಿಡೆನ್ಸಿ ಬಜಾರ್ ಎಂಬ ಹೆಸರಿತ್ತು. ನಗರ ನಿಜಾಮರದು, ಈ ಪೇಟೆಯ ಆಡಳಿತ ರೆಸಿಡೆಂಟರದು. 1933ರಲ್ಲಿ ಇದು ನಿಜಾಮ ಸರಕಾರಕ್ಕೆ ಮರಳಿ, ಸುಲ್ತಾನ್ ಬಜಾರ್ ಎನಿಸಿತು. ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವು 1901ರಲ್ಲಿ ಹುಟ್ಟಿದ್ದು ಈ ಪೇಟೆಯಲ್ಲಿಯೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಅಂದರೆ, ಅಂದಿನ ಹೈದರಾಬಾದಿಗನು ಮುಸಿ ನದಿಯ ಸೇತುವೆ ದಾಟಿ ಇಲ್ಲಿ ಸೀರೆ ಕೊಳ್ಳಲು ಬಂದರೆ ಒಂದು ಅಧಿಕಾರದ ಗಡಿಯನ್ನು ದಾಟಿಯೇ ಬರುತ್ತಿದ್ದನು. ಗಡಿ ಎಂಬುದು ಹಿಮಾಲಯದ ಆಚೆ ಇರುವ ವಸ್ತುವಲ್ಲ, ಓಣಿಯ ತಿರುವಿನಲ್ಲಿಯೂ ಇದ್ದೀತು.

ನಮ್ಮ ಮುತ್ಯಾ, ಕಲಬುರ್ಗಿಯ ಕಡೆ ಅಜ್ಜನನ್ನು ಹಾಗೆಯೇ ಕರೆಯುವುದು ವಾಡಿಕೆ, 1940ರ ದಶಕದಲ್ಲಿ ಈ ಸುಲ್ತಾನ್ ಬಜಾರಿನ ಹಿಂದಿನ ಓಣಿಯೊಂದರಲ್ಲಿ ಬಾಡಿಗೆಯ ಕೋಣೆ ಹಿಡಿದು ಗುಮಾಸ್ತಿಕೆ ಮಾಡುತ್ತಿದ್ದರು. ಅವರ ಅಕ್ಕನನ್ನು ಸೊಲ್ಲಾಪುರಕ್ಕೆ ಕೊಟ್ಟಿತ್ತು. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವುದೆಂದರೆ ಇಂದು ನಮಗೆ ಒಂದು ರಾತ್ರಿಯ ನಿದ್ರೆ. ಅವರಿಗೆ ಅದು ಒಂದು ಸಂಸ್ಥಾನದಿಂದ ಹೊರಬಿದ್ದು ಮತ್ತೊಂದು ಆಡಳಿತವನ್ನು ಹೊಗುವ ಪ್ರಯಾಣ. 1874ರಲ್ಲಿ ತೆರೆದ ವಾಡಿ-ಸಿಕಂದರಾಬಾದ್ ಮಾರ್ಗದಲ್ಲಿ ವಾಡಿಗೆ ಹೋಗಿ, ಅಲ್ಲಿ ಬೊಂಬಾಯಿ-ಮದ್ರಾಸ್ ಮಾರ್ಗವನ್ನು ಸೇರಿ, ಶಹಾಬಾದ್, ಗುಲ್ಬರ್ಗಾ, ಗಾಣಗಾಪುರ ದಾಟಿದರೆ ನಿಜಾಮರ ಸೀಮೆ ಮುಗಿಯುತ್ತಿತ್ತು. ವಾಡಿಯಿಂದ ಸೊಲ್ಲಾಪುರಕ್ಕೆ ಸುಮಾರು 150 ಕಿಲೋಮೀಟರು ಮಾತ್ರ. ಆದರೆ ಆ ಅಲ್ಪ ದೂರಕ್ಕೆ ಅವರು ಮಾಡುತ್ತಿದ್ದ ಸಿದ್ಧತೆಯನ್ನು ಕೇಳಿದರೆ ಇಂದಿನ ವಿದೇಶಯಾತ್ರಿಕನೂ ಬೆರಗಾಗಬೇಕು.

ಮೊದಲನೆಯದು ಹಣ. ಸಂಸ್ಥಾನದಲ್ಲಿ ಹಾಲಿ ಸಿಕ್ಕಾ, ಆಚೆಗೆ ಕಲ್ದಾರ್. 7 ಹಾಲಿ ರೂಪಾಯಿಗೆ ಸುಮಾರು 6 ಕಲ್ದಾರ್ ರೂಪಾಯಿ. ಎರಡನೆಯದು ಗಂಟುಮೂಟೆ. ಸಂಸ್ಥಾನದೊಳಕ್ಕೆ ಬರುವ ಸರಕಿಗೆ ಕರೋಡಗಿರಿ ಇಲಾಖೆಯ ಸುಂಕ ಶೇಕಡಾ 5. ಅಕ್ಕ ಕೊಟ್ಟು ಕಳುಹಿದ ಸೊಲ್ಲಾಪುರದ ಚಾದರಕ್ಕೆ ಚೌಕಿಯಲ್ಲಿ ಏನು ಹೇಳಬೇಕೆಂಬುದನ್ನು ಹೊರಡುವ ಮುನ್ನವೇ ಯೋಚಿಸಬೇಕು. ಮೂರನೆಯದು ಕಾಲ. ಕಚೇರಿಯ ರಜೆಯ ಅರ್ಜಿ ಫಸಲಿ ಸನದಲ್ಲಿ, ಆಜುರ್, ದೈ, ಬಹಮನ್ ತಿಂಗಳುಗಳಲ್ಲಿ. ಅಕ್ಕನಿಂದ ಬಂದ ಕಾಗದ ಇಂಗ್ಲಿಷ್ ತಾರೀಖಿನಲ್ಲಿ. ಮದುವೆಯ ಮುಹೂರ್ತ ಪಂಚಾಂಗದಲ್ಲಿ. ಮೂರನ್ನೂ ಹೊಂದಿಸಿ ನೋಡದವನು ಮುಹೂರ್ತ ಕಳೆದ ಮೇಲೆ ಊರು ಮುಟ್ಟುತ್ತಿದ್ದನು.

ನಾಲ್ಕನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ತಂಗುವ ಊರು. ಈ ವಿಷಯದಲ್ಲಿ ಮುತ್ಯಾರದೊಂದು ಕಟ್ಟುನಿಟ್ಟಾದ ನಿಯಮವಿತ್ತು. ಗಡಿಯ ಊರಿನಲ್ಲಿ ರಾತ್ರಿ ಕಳೆಯಬಾರದು. ಗಡಿಗಿಂತ ಮುಂಚಿನ ದೊಡ್ಡ ಊರಿನಲ್ಲಿ ಇಳಿಯಬೇಕು. ಅಲ್ಲಿ ನಮ್ಮವರೆಂಬವರು ಒಬ್ಬರಾದರೂ ಇರಬೇಕು. ಮುಂದಿನ ದಾರಿಯ ಸುದ್ದಿ ಕೇಳಿಕೊಂಡು ಹಗಲಿನಲ್ಲಿ ಗಡಿ ದಾಟಬೇಕು. ಆದ್ದರಿಂದ ಅವರು ಪ್ರತಿಬಾರಿಯೂ ಗುಲ್ಬರ್ಗಾದಲ್ಲಿ ಬಂಧುಗಳ ಮನೆಯಲ್ಲಿ ಒಂದು ದಿನ ನಿಲ್ಲುತ್ತಿದ್ದರು. ಇದನ್ನು ಮನೆಯ ಹೆಂಗಸರು ಪುಕ್ಕಲುತನವೆಂದು ನಗೆಯಾಡುತ್ತಿದ್ದರಂತೆ.

1947ರ ಆಗಸ್ಟ್ 15ರ ತರುವಾಯ ಈ ಗಡಿಯ ಸ್ವರೂಪವೇ ಬದಲಾಯಿತು. ನಿಜಾಮರು ಭಾರತವನ್ನು ಸೇರಲಿಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತಾದರೂ ಗಡಿಯ ಹಳ್ಳಿಗಳಲ್ಲಿ ಶಾಂತಿ ನೆಲೆಸಲಿಲ್ಲ. ಮರುವರ್ಷದ ಬೇಸಗೆಯಲ್ಲಿ, ಎಂದರೆ 1948ರ ಮೇ ತಿಂಗಳಿನಲ್ಲಿ, ಅಕ್ಕನ ಮಗಳ ಮದುವೆ ಸೊಲ್ಲಾಪುರದಲ್ಲಿ ನಿಶ್ಚಯವಾಯಿತು. ಸೋದರಮಾವನಿಲ್ಲದೆ ಹುಡುಗಿಯನ್ನು ಮಂಟಪಕ್ಕೆ ಕರೆತರುವವರಾರು? ಮುತ್ಯಾ ಕಲ್ದಾರ್ ಹಣ ಹೊಂದಿಸಿಕೊಂಡು, ರಜೆ ಪಡೆದು ಹೊರಟರು. ಪದ್ಧತಿಯಂತೆ ಗುಲ್ಬರ್ಗಾದಲ್ಲಿ ಇಳಿದರು. ಮೇ 22ರಂದು ಗಾಣಗಾಪುರ ನಿಲ್ದಾಣದಲ್ಲಿ ಮದ್ರಾಸ್-ಬೊಂಬಾಯಿ ಮೇಲ್ ಗಾಡಿಯ ಮೇಲೆ ದಾಳಿಯಾಯಿತು. ಸುದ್ದಿ ಗುಲ್ಬರ್ಗಾವನ್ನು ಮುಟ್ಟಿದಾಗ ಅವರು ಬಂಧುಗಳ ಮನೆಯ ಪಡಸಾಲೆಯಲ್ಲಿದ್ದರು. ಮುಂದಕ್ಕೆ ಹೋಗಲಿಲ್ಲ. ಎರಡು ದಿನ ಕಾದು ಹಿಂದಿರುಗಿದರು.

ಮದುವೆ ಸೋದರಮಾವನಿಲ್ಲದೆಯೇ ನಡೆಯಿತು. ಸೆಪ್ಟೆಂಬರ್ 13ರಿಂದ 17ರವರೆಗಿನ ಪೋಲೀಸ್ ಕಾರ್ಯಾಚರಣೆ ಮುಗಿದು, ದಾರಿ ತಿಳಿಯಾದ ಮೇಲೆ ಅವರು ಸೊಲ್ಲಾಪುರಕ್ಕೆ ಹೋದರು. ಸೋದರಮಾವನಿಗೆಂದು ಆಯೇರಿಯಲ್ಲಿ ತೆಗೆದಿರಿಸಿದ ಪಟಗವನ್ನು ಅಕ್ಕ ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದಳು. ಅದನ್ನು ಕೊಡುವಾಗ ಆಕೆ ಮಾತಾಡಲಿಲ್ಲವಂತೆ. ನಾನು ಶಾಲೆಯ ಹುಡುಗನಾಗಿದ್ದಾಗ ಮುತ್ಯಾ ಈ ಕಥೆಯನ್ನು ಹಲವು ಸಲ ಹೇಳಿದ್ದುಂಟು. ಪ್ರತಿಸಲವೂ ಗುಲ್ಬರ್ಗಾದವರೆಗೆ ವಿವರವಾಗಿ ಹೇಳಿ, ಪಟಗದ ಮಾತು ಬಂದಾಗ ಎದ್ದು ಹೋಗುತ್ತಿದ್ದರು. ಅವರ ಪುಕ್ಕಲುತನ ಅವರ ಪ್ರಾಣವನ್ನು ಉಳಿಸಿದ್ದಿರಬಹುದು. ಅಕ್ಕನಿಗೆ ಕೊಟ್ಟ ಮಾತನ್ನು ಉಳಿಸಲಿಲ್ಲ. ಗಡಿಯಲ್ಲಿ ಗಾಡಿ ನಿಂತಾಗ ಸಾಮಾನ್ಯ ಜನ ಕಳೆದುಕೊಳ್ಳುವುದು ಇಂಥವನ್ನು.

ಮಹನೀಯರೆ, ಈ ಹಿನ್ನೆಲೆಯಲ್ಲಿ ಇಂದಿನ ಪ್ರಶ್ನೆಗೆ ಬರೋಣ. ನಮ್ಮ ದೇಶದಿಂದ ರೈಲಿನಲ್ಲಿ ಹೊರಡಲು ಯಾವ ಬಾಗಿಲುಗಳಿವೆ?

ಪಶ್ಚಿಮದಲ್ಲಿ ಎರಡಿದ್ದವು. 1976ರ ಜುಲೈ 22ರಂದು ಅಮೃತಸರ-ಲಾಹೋರುಗಳ ನಡುವೆ ಆರಂಭವಾದ ಸಮಝೌತಾ, ಮತ್ತು 2006ರಲ್ಲಿ ರಾಜಸ್ಥಾನದ ಮುನಾಬಾವ್ ಮೂಲಕ ತೆರೆದ ಥಾರ್ ಗಾಡಿ. ಎರಡೂ 2019ರ ಆಗಸ್ಟ್‌ನಲ್ಲಿ ನಿಂತವು. ಪೂರ್ವದಲ್ಲಿ ಕಲಕತ್ತೆಯಿಂದ ಢಾಕಾಕ್ಕೆ ಮೈತ್ರಿ, ಖುಲ್ನಾಕ್ಕೆ ಬಂಧನ್, ಹೊಸ ಜಲ್ಪಾಯಿಗುಡಿಯಿಂದ ಢಾಕಾಕ್ಕೆ ಮಿತಾಲಿ ಎಂಬ ಮೂರು ಗಾಡಿಗಳು ಕ್ರಮವಾಗಿ 2008, 2017 ಮತ್ತು 2022ರಲ್ಲಿ ಆರಂಭವಾದವು. ಮೂರೂ 2024ರ ಜುಲೈನಲ್ಲಿ ನಿಂತವು. ದಕ್ಷಿಣದಲ್ಲಿ ಧನುಷ್ಕೋಟಿಯವರೆಗೆ ರೈಲಿನಲ್ಲಿ ಹೋಗಿ ಹಡಗಿನಿಂದ ತಲೈಮನ್ನಾರಿನಲ್ಲಿ ಇಳಿದು ಮತ್ತೆ ರೈಲು ಹತ್ತುವ ದಾರಿಯನ್ನು 1964ರ ಡಿಸೆಂಬರ್‌ನ ಚಂಡಮಾರುತ ಕೊಚ್ಚಿಕೊಂಡು ಹೋಯಿತು.

ಇವುಗಳ ಹಿಂದಿನ ಕಾರಣಗಳ ವಿಮರ್ಶೆ ಸರಕಾರಿ ನೌಕರನಾದ ನನ್ನ ಮಾತಲ್ಲ. ಆದರೆ ಒಂದು ಲೆಕ್ಕವನ್ನು ಗಮನಿಸಬೇಕೆಂದು ಕೋರುತ್ತೇನೆ. 1965ರ ಯುದ್ಧದಲ್ಲಿ ಕಡಿದ ಮುನಾಬಾವ್ ಮಾರ್ಗ ಮತ್ತೆ ತೆರೆಯಲು 41 ವರ್ಷ ಹಿಡಿಯಿತು. ಅದೇ ವರ್ಷ ನಿಂತ ಕಲಕತ್ತೆ-ಢಾಕಾ ಪ್ರಯಾಣಿಕರ ಗಾಡಿಗೆ 43 ವರ್ಷ. ಗಾಡಿಯನ್ನು ನಿಲ್ಲಿಸಲು ಒಂದು ದಿನದ ಆದೇಶ ಸಾಕು. ಮತ್ತೆ ಓಡಿಸಲು ಒಂದು ತಲೆಮಾರು ಸವೆಯಬೇಕು.

ಹಾಗಾದರೆ ದಾರಿಯೇ ಇಲ್ಲವೆ? ಇದೆ. ಉತ್ತರದಲ್ಲಿ ಜಯನಗರ, ಬೆಂಗಳೂರಿನದಲ್ಲ, ಬಿಹಾರದ ಮಧುಬನಿ ಜಿಲ್ಲೆಯದು. ಅಲ್ಲಿಂದ ನೇಪಾಳದ ಜನಕಪುರಕ್ಕೆ 1937ರಿಂದ ಒಂದು ಪುಟ್ಟ ರೈಲು ಓಡಾಡುತ್ತಿತ್ತು. ಹಳಿಯನ್ನು ಅಗಲಗೊಳಿಸಲು 2014ರಲ್ಲಿ ನಿಲ್ಲಿಸಿ, 2022ರ ಏಪ್ರಿಲ್ 2ರಂದು ಮತ್ತೆ ಆರಂಭಿಸಿದರು. ನಮ್ಮ ನಗರದಿಂದ ದರ್ಭಂಗಾಕ್ಕೆ ವಾರದ ಕೆಲವು ದಿನ ನೇರ ಗಾಡಿಯಿದೆ. ಸಿದ್ಧತೆಯನ್ನು ಹೀಗೆ ಮಾಡಿಕೊಳ್ಳಬಹುದು. ದರ್ಭಂಗಾದಲ್ಲಿ ಇಳಿದು ಒಂದು ದಿನ ಪೂರ್ತಿ ವಿಶ್ರಮಿಸಿ. ಗಡಿಯ ಜಯನಗರದಲ್ಲಿ ರಾತ್ರಿ ಬೇಡ. ದರ್ಭಂಗಾದಲ್ಲಿಯೇ ಜನಕಪುರದ ಗಾಡಿ ಅಂದು ಹೊರಡುವುದೇ, ಎಷ್ಟು ಹೊತ್ತಿಗೆ ಎಂಬುದನ್ನು ಕೇಳಿ ತಿಳಿದು ಮುಂದುವರಿಯಿರಿ. ಜನಕಪುರದಲ್ಲಿ ಎರಡು ರಾತ್ರಿ ತಂಗಿ ಜಾನಕಿಯ ತವರನ್ನು ನೋಡಿ. ಹಿಂದಿರುಗುವಾಗ ನಮ್ಮ ನಗರದ ಗಾಡಿಗೆ ಮುಂಚೆ ಒಂದು ದಿನವನ್ನು ಬಿಡುವಾಗಿಡಿ. ಗಡಿಯಲ್ಲಾಗುವ ವಿಳಂಬಕ್ಕೆ ಅದೇ ವಿಮೆ. ವೀಸಾ ಬೇಡ; ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿಯ ಮೂಲಪ್ರತಿ ಕೈಯಲ್ಲಿರಲಿ. ನನ್ನಂತೆ ಇನ್ನೂ ಸೇವೆಯಲ್ಲಿರುವವರು ಖಾಸಗಿ ಯಾತ್ರೆಗೂ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.

ಈಗ ಮುತ್ಯಾರ ಪಟ್ಟಿಯನ್ನು ಮತ್ತೊಮ್ಮೆ ನೆನೆಯಿರಿ. ಹಣ: ನಮ್ಮ 100 ರೂಪಾಯಿಗೆ ಅಲ್ಲಿಯ 160, 1993ರಿಂದ ಇದೇ ದರ. ಗಂಟುಮೂಟೆ: ಅಲ್ಲಿಯೂ ಸುಂಕದ ಚೌಕಿಯಿದೆ. ಕಾಲ: ಅಲ್ಲಿಯ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ, ಅಲ್ಲಿಯ ವಿಕ್ರಮ ಸಂವತ್ಸರ ನಮ್ಮ ಇಸವಿಗಿಂತ 56 ಅಥವಾ 57 ವರ್ಷ ಮುಂದೆ. ಗಡಿಯ ಎರಡೂ ಕಡೆ ಮೈಥಿಲಿ ಮಾತಾಡುವ, ಪರಸ್ಪರ ಹೆಣ್ಣು ಕೊಟ್ಟು ತರುವ ಜನ. ಹಾಲಿ, ಕಲ್ದಾರ್, ಫಸಲಿ, ಸೊಲ್ಲಾಪುರದ ಅಕ್ಕ, ಎಲ್ಲವೂ ಅಲ್ಲಿ ಇಂದಿಗೂ ಬದುಕಿವೆ ಎಂದರೆ ತಪ್ಪಾಗದು. ನಮ್ಮ ಹಿರಿಯರ ಪ್ರಯಾಣ ಹೇಗಿತ್ತೆಂಬುದನ್ನು ತಿಳಿಯಬಯಸುವ ಹೈದರಾಬಾದಿನ ಕನ್ನಡಿಗನು ಜನಕಪುರದ ಗಾಡಿಯನ್ನು ಹತ್ತಿ ನೋಡಬೇಕು.

ಮಕ್ಕಳು ಸಿಂಗಪುರದಲ್ಲಿರುವವರು ಇನ್ನೂ ಉದ್ದದ ದಾರಿಯನ್ನು ಯೋಚಿಸಬಹುದು. ಅಲ್ಲಿಂದ ಮಲೇಶಿಯ, ಥಾಯ್ಲೆಂಡ್, ಲಾವೋಸ್ ದಾಟಿ ಚೀನದ ಕುನ್ಮಿಂಗ್‌ವರೆಗೆ, ಗಾಡಿ ಬದಲಿಸುತ್ತ, ರೈಲಿನಲ್ಲಿಯೇ ಹೋಗಬಹುದು. ಮಲೇಶಿಯ-ಥಾಯ್ಲೆಂಡ್ ಗಡಿಯ ಪಾದಾಂಗ್ ಬೆಸಾರ್ ನಿಲ್ದಾಣದಲ್ಲಿ ಎರಡೂ ದೇಶಗಳ ತಪಾಸಣೆಯ ಕಚೇರಿಗಳು ಒಂದೇ ಸೂರಿನಡಿ ಇವೆ. ಗಡಿಯನ್ನು ಅಳಿಸದೆಯೇ ಪ್ರಯಾಣಿಕನ ಕಷ್ಟವನ್ನು ಅಳಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೆ ವೀಸಾದ ನಿಯಮಗಳು ಆಗಾಗ ಬದಲಾಗುವುದರಿಂದ, ಪ್ರತಿ ದೇಶದ ನಿಯಮವನ್ನು ಟಿಕೇಟು ಕೊಳ್ಳುವ ಮುನ್ನ ಒಮ್ಮೆ, ಹೊರಡುವ ವಾರ ಮತ್ತೊಮ್ಮೆ ವಿಚಾರಿಸಬೇಕು.

ಮುಗಿಸುವ ಮುನ್ನ ಒಂದು ಮಾತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಯಿತು. ಬೀದರ, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯವನ್ನು ಸೇರಿದವು. ಇಲ್ಲಿಯೇ ಉಳಿದ ನಾವು ಊರು ಬಿಡದೆಯೇ ಹೊರನಾಡಿಗರಾದೆವು. ಅದರ ನೋವನ್ನು ಈ ವೇದಿಕೆಯಲ್ಲಿ ಹಲವರು ತೋಡಿಕೊಂಡಿದ್ದಾರೆ. ಶಾಲೆ, ಭಾಷೆ, ಪುಸ್ತಕಗಳ ವಿಷಯದಲ್ಲಿ ಆ ನೋವು ನಿಜವಾದದ್ದು. ಆದರೆ ಒಂದನ್ನು ನಾವು ಎಣಿಸುವುದಿಲ್ಲ. ಇಂದು ರಾತ್ರಿ ಹೈದರಾಬಾದಿನಲ್ಲಿ ಗಾಡಿ ಹತ್ತಿದ ಸೋದರಮಾವನು ಬೆಳಗಾಗುವಷ್ಟರಲ್ಲಿ ಎರಡು ರಾಜ್ಯಗಳ ಗಡಿಯನ್ನು ದಾಟಿ ಸೊಲ್ಲಾಪುರದಲ್ಲಿ ಇಳಿಯುತ್ತಾನೆ. ಅವನ ಗಂಟನ್ನು ಬಿಚ್ಚಿ ನೋಡುವ ಚೌಕಿಯಿಲ್ಲ, ನಾಣ್ಯ ಬದಲಿಸುವ ಕಟ್ಟೆಯಿಲ್ಲ. ಗಡಿ ಇದೆ, ಆದರೆ ಗಾಡಿ ನಿಲ್ಲುವುದಿಲ್ಲ. ಇದು ತಾನಾಗಿ ಆದದ್ದಲ್ಲ, ನಮ್ಮ ಹಿರಿಯರು ಕಷ್ಟಪಟ್ಟು ಗಳಿಸಿದ್ದು. ಗಡಿಯ ವಿವಾದಗಳಲ್ಲಿ ಮಾತು ಬಿಸಿಯೇರಿದಾಗ, ನಾವು ಇದನ್ನು ಮರೆಯಬಾರದು.

ಆದುದರಿಂದ ನನ್ನ ಸಲಹೆ ಇಷ್ಟೆ. ಯಾವ ಬಾಗಿಲು ಇಂದು ತೆರೆದಿದೆಯೋ ಅದರಲ್ಲಿ ಇಂದೇ ಹೋಗಿ ಬನ್ನಿ. ನಿವೃತ್ತಿಯ ತನಕ ಕಾಯಬೇಡಿ. ತಂಗುವ ಊರನ್ನು ಮೊದಲು ಗೊತ್ತುಮಾಡಿ, ಗಾಡಿಯನ್ನು ಆಮೇಲೆ. ಸಂಘದ ವತಿಯಿಂದ ಹತ್ತು ಜನರ ತಂಡವೊಂದು ಬರುವ ಚಳಿಗಾಲದಲ್ಲಿ ಜನಕಪುರಕ್ಕೆ ಹೊರಡುವುದಾದರೆ ಪಟ್ಟಿ ತಯಾರಿಸುವ ಕೆಲಸ ನನಗಿರಲಿ. ಮುತ್ಯಾರ ಪಟಗ ಇನ್ನೂ ನಮ್ಮ ಮನೆಯಲ್ಲಿದೆ. ಒಮ್ಮೆಯೂ ಸುತ್ತದ ಅದನ್ನು ಆ ದಿನ ಸುತ್ತಿಕೊಂಡು ಬರುತ್ತೇನೆ.