ಔಷಧದ ಲೆಕ್ಕ ಕೊಡಿ
(ಗ್ರಾಹಕ ಸಂಘಟನೆಗಳ ಸಮ್ಮೇಳನದ ಅಧ್ಯಕ್ಷ ಭಾಷಣ)



ಪಶುವೈದ್ಯನೊಬ್ಬನನ್ನು ಗ್ರಾಹಕರ ಸಮ್ಮೇಳನಕ್ಕೆ ಅಧ್ಯಕ್ಷನನ್ನಾಗಿ ಆರಿಸಿದ್ದೀರಿ. ನಿಮಗೆ ಕೃತಜ್ಞ. ಹಿಂದಿನ ಅಧ್ಯಕ್ಷರು ತೂಕ, ಅಳತೆ, ಕಲಬೆರಕೆಗಳ ವಿಚಾರದಲ್ಲಿ ಶ್ರಮಿಸಿದ್ದಾರೆ. ಅವರೆಲ್ಲರನ್ನೂ ಗೌರವದಿಂದ ನೆನೆಯುತ್ತೇನೆ. ಇನ್ನು ನೇರವಾಗಿ ವಿಷಯಕ್ಕೆ ಬರುತ್ತೇನೆ.

1995ರಲ್ಲಿ ಬೆಂಗಳೂರಿಗೆ ಕೆಎಫ್‌ಸಿ ಬಂದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಅದನ್ನು ವಿರೋಧಿಸಿತು. ಮರುವರ್ಷ ಮಳಿಗೆಯ ಮೇಲೆ ದಾಳಿಯೂ ನಡೆಯಿತು. ಜನರ ನೆನಪಿನಲ್ಲಿ ಉಳಿದದ್ದು ಆ ಗಲಾಟೆ ಮಾತ್ರ. ತಟ್ಟೆಗೆ ಬರುವ ಕೋಳಿ ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆ ಹಿಂದೆ ಬಿತ್ತು. ಇಂದು ಆ ಪ್ರಶ್ನೆಯನ್ನೇ ಮುಂದಿಡುತ್ತಿದ್ದೇನೆ.

ಗುತ್ತಿಗೆ ಸಾಕಣೆಯ ಯಾವುದಾದರೂ ಕೋಳಿ ಫಾರಂಗೆ ಹೋಗಿ ನೋಡಿ. ಮರಿ ಕಂಪನಿಯದು, ಫೀಡ್ ಕಂಪನಿಯದು, ಔಷಧವೂ ಕಂಪನಿಯದೇ. ಶೆಡ್ಡು, ಕರೆಂಟು, ಮೈಮುರಿದು ದುಡಿಯುವುದು ರೈತನ ಪಾಲು. ಸುಮಾರು ಆರು ವಾರಕ್ಕೆ ಕೋಳಿ ಎರಡು ಕಿಲೋ ತೂಗುತ್ತದೆ, ಲಾರಿ ಬಂದು ತುಂಬಿಕೊಂಡು ಹೋಗುತ್ತದೆ, ರೈತನಿಗೆ ಕಿಲೋ ಲೆಕ್ಕದಲ್ಲಿ ಸಾಕಣೆ ಕೂಲಿ ಸಿಗುತ್ತದೆ. ನೀರಿನ ಟ್ಯಾಂಕಿಗೆ ಸುರಿಯುವುದೇನು ಎಂದು ನಾನು ಒಬ್ಬ ರೈತನನ್ನು ಕೇಳಿದಾಗ, ‘ವಿಟಮಿನ್ ಸಾರ್’ ಎಂದ. ಬಾಟಲಿ ತಿರುಗಿಸಿ ಲೇಬಲ್ ಓದಿದೆ: ಎನ್ರೋಫ್ಲಾಕ್ಸಾಸಿನ್. ಅದು ಆ್ಯಂಟಿಬಯಾಟಿಕ್. ನಾಲ್ಕು ಕೋಳಿ ತೂಕಡಿಸಿದರೆ ಆ ನೀರು ಕುಡಿಯುವ ಇಡೀ ಶೆಡ್ಡಿಗೆ ಔಷಧ.

ಎನ್ರೋಫ್ಲಾಕ್ಸಾಸಿನ್ ದೇಹದೊಳಗೆ ಸಿಪ್ರೋಫ್ಲಾಕ್ಸಾಸಿನ್ ಆಗಿ ಮಾರ್ಪಡುತ್ತದೆ. ಡಾಕ್ಟರು ನಮಗೆ ಬರೆದುಕೊಡುವ ಮಾತ್ರೆಯೂ ಅದೇ. ಕೋಳಿಯ ಕರುಳಿನಲ್ಲಿ ಈ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದರೆ, ಮನುಷ್ಯರಲ್ಲೂ ಮಾತ್ರೆ ಕೈಕೊಡುವ ಅಪಾಯವಿದೆ. ಇದೇ ಕಾರಣಕ್ಕೆ ಅಮೆರಿಕ 2005ರಲ್ಲೇ ಕೋಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿತು. ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಆ್ಯಂಟಿಬಯಾಟಿಕ್ ಕೊಟ್ಟ ಕೋಳಿಯನ್ನು ಅಮೆರಿಕದ ಮಳಿಗೆಗಳಲ್ಲಿ ಬಳಸುವುದನ್ನು ಮೆಕ್‌ಡೊನಾಲ್ಡ್ಸ್ 2016ರಲ್ಲಿ ನಿಲ್ಲಿಸಿತು. 2018ರ ಕೊನೆಯೊಳಗೆ ತಾನೂ ನಿಲ್ಲಿಸುವುದಾಗಿ ಕೆಎಫ್‌ಸಿ ಅಲ್ಲಿ ಮಾತು ಕೊಟ್ಟಿತು. ಅಂಥದೇ ಗಡುವು ಭಾರತಕ್ಕೆ ಏಕಿಲ್ಲ ಎಂದು ದೆಹಲಿಯ ಪರಿಸರ ಸಂಸ್ಥೆ ಸಿಎಸ್‌ಇ 2017ರಲ್ಲೇ ಕೇಳಿತು. ಬೋರ್ಡು ಒಂದೇ, ಬಣ್ಣ ಒಂದೇ. ನೀತಿ ಮಾತ್ರ ದೇಶಕ್ಕೊಂದು. ಇದು ಅನ್ಯಾಯ.

ಈ ಕಂಪನಿಗಳಿಗೆ ಪತ್ರ ಬರೆದಾಗಲೆಲ್ಲ ನನಗೆ ಬರುವ ಉತ್ತರ ಒಂದೇ: ‘ನಮ್ಮ ಮಾಂಸದಲ್ಲಿ ಔಷಧದ ಉಳಿಕೆ ಮಿತಿಯೊಳಗಿದೆ.’ ನಾನು ಉಳಿಕೆಯನ್ನು ಕೇಳಲೇ ಇಲ್ಲ. ಕಟಾವಿಗೆ ಕೆಲವು ದಿನ ಮುಂಚೆ ಔಷಧ ನಿಲ್ಲಿಸಿದರೆ ಮಾಂಸದಲ್ಲಿ ಉಳಿಕೆ ಇಳಿಯುತ್ತದೆ. ಆದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕೋಳಿ ಗೊಬ್ಬರದ ಜತೆ ಹೊಲಕ್ಕೆ, ಕೆರೆಗೆ, ಸಾಕಿದವನ ಮನೆಗೇ ಹೋಗುತ್ತದೆ. ಎಷ್ಟು ಕೊಟ್ಟಿರಿ, ಏತಕ್ಕೆ ಕೊಟ್ಟಿರಿ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಇದುವರೆಗೆ ಯಾರೂ ಉತ್ತರಿಸಿಲ್ಲ.

ಈ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ವರದಿಗಳಲ್ಲಿ ಗಿಡ ನೆಟ್ಟ ಚಿತ್ರ, ಶಾಲೆಗೆ ಬೆಂಚು ಕೊಟ್ಟ ಚಿತ್ರ ಇರುತ್ತವೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ಒಳ್ಳೆಯದು, ವ್ಯಯಿಸಲಿ. ಆದರೆ ಉಳಿದ 98 ಪಾಲು ಹೇಗೆ ಬಂತೆಂದು ಆ ಕಲಂ ಕೇಳುವುದಿಲ್ಲ. ನೀತಿಯ ಪ್ರಶ್ನೆ ಇರುವುದೇ ಅಲ್ಲಿ.

ಒಂದು ಹಳೆಯ ಮಾತನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ಸಮ್ಮೇಳನದ ನಿರ್ಣಯಗಳ ಕರಡಿನಲ್ಲಿ ಆ್ಯಂಟಿಬಯಾಟಿಕ್ ಕುರಿತ ಸಾಲು ಬರೆದಿದ್ದೆ. ಬೆಳಿಗ್ಗೆ ಇದ್ದ ಸಾಲು ಸಂಜೆ ಓದುವಾಗ ಇರಲಿಲ್ಲ. ಆ ವರ್ಷ ಊಟದ ಖರ್ಚು ವಹಿಸಿಕೊಂಡವರು ಯಾರೆಂಬುದು ಹಿರಿಯ ಸದಸ್ಯರಿಗೆ ಗೊತ್ತು. ‘ದೊಡ್ಡವರನ್ನು ಎದುರು ಹಾಕಿಕೊಳ್ಳುವುದು ಬೇಡ’ ಎಂದು ನನಗೆ ಬುದ್ಧಿ ಹೇಳಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಸಲಹೆಗಳು ಇವು. ಹತ್ತು ಅಥವಾ ಹೆಚ್ಚು ಕಡೆ ಮಳಿಗೆಯುಳ್ಳವರು ತಿನಿಸಿನ ಕ್ಯಾಲೊರಿ ಪ್ರದರ್ಶಿಸಬೇಕೆಂಬ ನಿಯಮ ಈಗಾಗಲೇ ಇದೆ. ಅವರೇ ಪ್ರತಿ ವರ್ಷ, ತಾವು ಕೊಂಡ ಕೋಳಿಗೆ ಕೊಟ್ಟ ಔಷಧದ ಹೆಸರು, ಪ್ರಮಾಣ, ಕಾರಣವನ್ನು ಪ್ರಕಟಿಸಲಿ. ಪ್ರತಿ ಬ್ಯಾಚಿನ ಔಷಧದ ದಾಖಲೆ ಸಾಕುವ ರೈತನ ಕೈಗೂ ಕನ್ನಡದಲ್ಲಿ ಸಿಗಲಿ. ಪಶುವೈದ್ಯರ ಸಹಿಯಿಲ್ಲದೆ ಆ್ಯಂಟಿಬಯಾಟಿಕ್ ಬಾಟಲಿ ಶೆಡ್ಡಿಗೆ ಹೋಗಬಾರದು. ಇದನ್ನೆಲ್ಲ ಪರೀಕ್ಷಿಸಲು ತಾಲ್ಲೂಕಿಗೊಂದು ಪ್ರಯೋಗಾಲಯ ಬರಲಿ. ಅಮೆರಿಕದ ಮಗುವಿಗೆ ಕೊಟ್ಟ ಮಾತನ್ನು ಚಳ್ಳಕೆರೆಯ ಮಗುವಿಗೂ ಅದೇ ದಿನ ಕೊಡುವ ಕಾಲ ಬರಲಿ. ಇನ್ನು ನಮ್ಮ ಮಟ್ಟಿಗೆ, ಆಹಾರ ಕಂಪನಿಗಳ ಪ್ರಾಯೋಜಕತ್ವ ಇಂದಿಗೇ ನಿಲ್ಲಲಿ. ಬುತ್ತಿ ಕಟ್ಟಿಕೊಂಡು ಬಂದಾದರೂ ಸಮ್ಮೇಳನ ನಡೆಸೋಣ.

ಮಧ್ಯಾಹ್ನದ ಅಧಿವೇಶನದಲ್ಲಿ ಈ ಸಲಹೆಗಳ ನಿರ್ಣಯವನ್ನು ನಾನೇ ಪೂರ್ತಿಯಾಗಿ ಓದಿ ಮತಕ್ಕೆ ಹಾಕುತ್ತೇನೆ. ವಿರೋಧವಿದ್ದವರು ಎದ್ದು ನಿಂತು ಕಾರಣ ಹೇಳಲಿ, ಅದೂ ನಡಾವಳಿಯಲ್ಲಿ ದಾಖಲಾಗಲಿ. ಒಂದು ಸಾಲನ್ನೂ ತೆಗೆಯಲು ಈ ಸಲ ನಾನು ಬಿಡುವುದಿಲ್ಲ.