ಕಂಡವನ ಮಾತು, ಕೇಳುವವನ ರೀತಿ

(ರಬಕವಿ-ಬನಹಟ್ಟಿಯಲ್ಲಿ ನೇಕಾರರ ಹಾಗೂ ವ್ಯಾಪಾರಸ್ಥರ ಮುಂದೆ ಮಾಡಿದ ಭಾಷಣ)



ಕಣ್ಣಾರೆ ಕಂಡವನ ಮಾತಿಗೆ ನಮ್ಮಲ್ಲಿ ಬೆಲೆ ಹೆಚ್ಚು. ಜಮಖಂಡಿ, ಮುಧೋಳ, ಬೀಳಗಿಗಳ ಕೋರ್ಟಿನ ಕಟ್ಟೆ ಹತ್ತಿ ಬಂದವರನ್ನು ಕೇಳಿರಿ. ಶೆಡ್ಡಿನ ಕಳವಿರಲಿ, ಹೊಲದ ಬದುವಿನ ಹೊಡೆದಾಟವಿರಲಿ, ಕಬ್ಬಿನ ಟ್ರ್ಯಾಕ್ಟರಿನ ಅಪಘಾತವಿರಲಿ, "ಯಾರು ನೋಡಿದರು?" ಎಂಬಲ್ಲಿಗೇ ಮಾತು ಬಂದು ನಿಲ್ಲುತ್ತದೆ. ದುಡ್ಡು ತಿಂದು ಸುಳ್ಳು ಸಾಕ್ಷಿ ಹೇಳುವವರ ಸಂಗತಿ ಬೇರೆ. ಅದನ್ನು ನಾವು ಇಂದು ಎತ್ತುವುದಿಲ್ಲ. ಪ್ರಾಮಾಣಿಕನಾದವನು ಪ್ರಾಮಾಣಿಕವಾಗಿಯೇ ತಪ್ಪು ಹೇಳುವುದುಂಟು. ಆ ತಪ್ಪು ಬಹಳ ಸಲ ಅವನ ಕಣ್ಣಿನಲ್ಲಿ ಹುಟ್ಟುವುದಿಲ್ಲ, ಕೇಳುವವನ ಪ್ರಶ್ನೆಯಲ್ಲಿ ಹುಟ್ಟುತ್ತದೆ.

1974ರಲ್ಲಿ ಅಮೇರಿಕದ ಎಲಿಜಬೆತ್ ಲಾಫ್ಟಸ್ ಎಂಬ ಮನಶ್ಶಾಸ್ತ್ರಜ್ಞೆ ಹಾಗೂ ಜಾನ್ ಪಾಮರ್ ಎಂಬವರು ಕೂಡಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 150 ವಿದ್ಯಾರ್ಥಿಗಳಿಗೆ ಮೋಟಾರು ಅಪಘಾತದ ಒಂದು ಚಿಕ್ಕ ಚಲನಚಿತ್ರ ತೋರಿಸಿದರು. 50 ಜನರಿಗೆ "ಗಾಡಿಗಳು ಅಪ್ಪಳಿಸಿದಾಗ ಎಷ್ಟು ವೇಗವಿತ್ತು?" ಎಂದು ಕೇಳಿದರು, ಇನ್ನು 50 ಜನರಿಗೆ "ಬಡಿದಾಗ" ಎಂದು ಕೇಳಿದರು, ಉಳಿದ 50 ಜನರ ಮುಂದೆ ವೇಗದ ಮಾತನ್ನೇ ಎತ್ತಲಿಲ್ಲ. ವಾರ ಕಳೆದ ಮೇಲೆ "ಒಡೆದ ಗಾಜು ಕಂಡಿರಾ?" ಎಂದು ಎಲ್ಲರನ್ನೂ ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೆ "ಅಪ್ಪಳಿಸಿದಾಗ" ಎಂಬ ಮಾತು ಕೇಳಿದವರಲ್ಲಿ 16 ಜನ ಕಂಡೆವೆಂದರು. "ಬಡಿದಾಗ" ಎಂದು ಕೇಳಿದವರಲ್ಲಿ 7 ಜನ. ಮೂರನೆಯವರಲ್ಲಿ 6 ಜನ. ಅವರಿಗೆ ಯಾರ ಮೇಲೂ ಹಗೆಯಿರಲಿಲ್ಲ. ಒಂದೇ ಒಂದು ಶಬ್ದ ಇಲ್ಲದ ಗಾಜನ್ನು ತಂದು ಸುರಿಯಿತು!

ಇದು ಹೇಗೆಂದು ನೇಕಾರರಾದ ನಿಮಗೆ ತಿಳಿಸುವುದು ಕಷ್ಟವಲ್ಲ. ಎಳೆ ಕಡಿದರೆ ಗಂಟು ಹಾಕಿ ಮುಂದೆ ನೇಯುತ್ತೀರಿ. ನೆನಪೂ ಕಡಿದಲ್ಲಿ ಗಂಟು ಹಾಕಿಕೊಳ್ಳುತ್ತದೆ, ಆದರೆ ನೂಲು ಬೇರೆ ಕಡೆಯಿಂದ ಬರುತ್ತದೆ: ಚಹದ ಅಂಗಡಿಯ ಮಾತು, ಪತ್ರಿಕೆಯ ಸುದ್ದಿ, ಫೌಜದಾರರ ಪ್ರಶ್ನೆ. ನಿಮ್ಮ ಗಂಟು ನಿಮಗೆ ಗೊತ್ತಿರುತ್ತದೆ. ಮನಸ್ಸಿಗೆ ತನ್ನ ಗಂಟು ಕಾಣಿಸುವುದಿಲ್ಲ. ಆದುದರಿಂದಲೇ ಸಾಕ್ಷಿದಾರನು ಎದೆ ತಟ್ಟಿ ಹೇಳಿದನೆಂದ ಮಾತ್ರಕ್ಕೆ ಅದು ನಿಜವಾಗಬೇಕೆಂದಿಲ್ಲ. ಡಿ.ಎನ್.ಎ. ಪರೀಕ್ಷೆಯಿಂದ ನಿರಪರಾಧಿಗಳೆಂದು ಸಿದ್ಧವಾದ ಅಮೇರಿಕದ ಕೈದಿಗಳ ಮೊಕದ್ದಮೆಗಳಲ್ಲಿ 10ಕ್ಕೆ ಸುಮಾರು 7ರಲ್ಲಿ ಕಣ್ಣಾರೆ ಕಂಡವರು ತಪ್ಪು ಮನುಷ್ಯನನ್ನು ಗುರುತಿಸಿದ್ದರು. ಇಲ್ಲಿ ಆರೋಪಿಯ ಫೋಟೋ ಮೊಬೈಲಿನಲ್ಲಿ ಊರೆಲ್ಲ ತಿರುಗಿ ಬಂದ ಮೇಲೆ ಗುರುತಿನ ಪರೇಡು ನಡೆಸಿದರೆ, ಸಾಕ್ಷಿ ಗುರುತು ಹಿಡಿಯುವುದು ಅಂದು ಕಂಡ ಮನುಷ್ಯನನ್ನೋ, ನಿನ್ನೆ ಕಂಡ ಫೋಟೋವನ್ನೋ?

ಕೇಳುವವರು ಮೊದಲೇ ತೀರ್ಮಾನ ಮಾಡಿಕೊಂಡರೆ ಏನಾಗುವುದೆಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯುಂಟು. 2020ರಲ್ಲಿ ಕೊಡಗಿನ ಕುಶಾಲನಗರದ ಕಡೆಯ ಒಬ್ಬ ಬಡ ಕೂಲಿಕಾರನ ಹೆಂಡತಿ ಕಾಣೆಯಾದಳು. ದೂರು ಕೊಟ್ಟವನು ಗಂಡನೇ. ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಸಿಕ್ಕ ಅಸ್ಥಿಪಂಜರ ಅವಳದೇ ಎಂದು ಹೇಳಿ, ಅವನನ್ನೇ ಕೊಲೆಗಾರನೆಂದು ಸೆರೆಮನೆಗೆ ತಳ್ಳಿದರು. ಡಿ.ಎನ್.ಎ. ಹೊಂದಲಿಲ್ಲ. 2025ರ ಏಪ್ರಿಲ್‌ದಲ್ಲಿ ಆ ಹೆಣ್ಣುಮಗಳು ಮಡಿಕೇರಿಯಲ್ಲಿ ಜೀವಂತ ಸಿಕ್ಕಳು! ಅದೇ ತಿಂಗಳು ಮೈಸೂರಿನ ಕೋರ್ಟು ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ವಕೀಲರಿಗೆ ದುಡ್ಡು ಸುರಿಯಬಲ್ಲ ಧಣಿಗೆ ಇಂಥ ಗತಿ ಬರುವುದು ಅಪರೂಪವೆಂದು ನಾವು ಬೇರೆ ಹೇಳಬೇಕೇ?

ಇಂಗ್ಲಂಡಿನಲ್ಲೂ ಹೀಗೆಯೇ ಆಗಿತ್ತು. ಬರ್ಮಿಂಗ್‌ಹ್ಯಾಮಿನ ಬಾಂಬಿನ ಮೊಕದ್ದಮೆಯಲ್ಲಿ ಸಿಕ್ಕ ಆರು ಜನ ಐರಿಷರು 16 ವರ್ಷ ಸೆರೆಯಲ್ಲಿ ಕೊಳೆತು 1991ರಲ್ಲಿ ಹೊರಬಂದರು. ಇಂಥ ಮೊಕದ್ದಮೆಗಳಿಂದ ನಾಚಿ ಅಲ್ಲಿಯ ಪೋಲೀಸರು 1992ರ ಸುಮಾರಿಗೆ ವಿಚಾರಣೆಯ ಪದ್ಧತಿಯನ್ನೇ ಬದಲಿಸಿದರು. ತಪ್ಪೊಪ್ಪಿಗೆ ಹಿಂಡುವುದನ್ನು ಬಿಟ್ಟು ಸಂಗತಿ ತಿಳಿಯುವುದೇ ಗುರಿಯಾಯಿತು. ಅಮೇರಿಕದ ಫಿಶರ್ ಮತ್ತು ಗೈಸಲ್‌ಮನ್ ಎಂಬವರು 1980ರ ದಶಕದಲ್ಲಿ ಕಟ್ಟಿದ ಕ್ರಮವೂ ಸರಳವಾದದ್ದು. ಆ ಜಾಗ, ಆ ಹೊತ್ತು, ಆಗಿನ ಸಪ್ಪಳಗಳನ್ನು ಸಾಕ್ಷಿಯು ಮನಸ್ಸಿಗೆ ತಂದುಕೊಳ್ಳಲಿ, ನಡುವೆ ಬಾಯಿ ಹಾಕದೆ ಅವನೇ ಪೂರ್ತಿ ಹೇಳಲಿ, ಪ್ರಶ್ನೆಯೇನಿದ್ದರೂ ಆಮೇಲೆ. "ಅವನ ಕೈಯಲ್ಲಿ ಕುಡುಗೋಲಿತ್ತಲ್ಲವೇ?" ಎಂದಲ್ಲ, "ಅವನ ಕೈಯಲ್ಲಿ ಏನಾದರೂ ಇತ್ತೇ?" ಎಂದು.

ಇದಕ್ಕೆ ತಾಳ್ಮೆ ಬೇಕು. ನಮ್ಮಲ್ಲಿ ತಾಳ್ಮೆಯ ಬದಲು ಸೂಜಿಮದ್ದು ಹುಡುಕಿದರು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಮತ್ತಿನ ಮದ್ದು ಚುಚ್ಚಿ ನಿಜ ಹೊರಡಿಸುವೆವೆಂಬ ಪರೀಕ್ಷೆಗಳು ಕೆಲ ಕಾಲ ಬಹಳ ಸದ್ದು ಮಾಡಿದವು. ಒಪ್ಪಿಗೆಯಿಲ್ಲದೆ ಯಾರ ಮೇಲೂ ಅವನ್ನು ನಡೆಸಕೂಡದೆಂದು ಸುಪ್ರೀಮ್ ಕೋರ್ಟು 2010ರ ಮೇ 5ರಂದು, ಕರ್ನಾಟಕ ಸರಕಾರವೇ ಎದುರುದಾರನಾಗಿದ್ದ ಸೆಲ್ವಿ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ಇನ್ನು ನಿಮ್ಮನ್ನು ಸಾಕ್ಷಿಗೆ ಕರೆದರೆ? ಕಂಡದ್ದನ್ನು ನಾಲ್ಕು ಜನರೊಡನೆ ಚರ್ಚಿಸುವ ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿರಿ, ತಾರೀಖು ಹಾಕಿರಿ. ನೋಡದ್ದಕ್ಕೆ "ನೋಡಿಲ್ಲ" ಎನ್ನಿರಿ; ಪೋಲೀಸರ ಮುಂದೆ ಅದೇನು ಅವಮಾನವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮಿನಂತೆ ಹೆಂಗಸರನ್ನೂ, 15 ವರ್ಷದೊಳಗಿನ ಹುಡುಗರನ್ನೂ, 60 ದಾಟಿದ ಮುದುಕರನ್ನೂ ಸಾಕ್ಷಿಗಾಗಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಅವರಿದ್ದಲ್ಲಿಗೇ ಬಂದು ಕೇಳಬೇಕು. ತನಿಖೆಯ ವೇಳೆ ಪೋಲೀಸರು ಬರೆದುಕೊಂಡ ಸಾಕ್ಷಿಯ ಜಬಾನಿಗೆ ಸಹಿ ಹಾಕಿಸಿಕೊಳ್ಳಬಾರದೆಂದು 181ನೆಯ ಕಲಮು ಹೇಳುತ್ತದೆ. ಪಂಚನಾಮೆಯ ಮಾತು ಬೇರೆ. ಅಂಗಡಿಕಾರರನ್ನು ಪಂಚರೆಂದು ಕರೆದೊಯ್ದಾಗ ಅಲ್ಲಿ ಸಹಿ ಬೇಕಾಗುತ್ತದೆ. ಆ ಸಹಿ ನಿಮ್ಮ ಕಣ್ಣೆದುರು ನಡೆದದ್ದಕ್ಕೆ ಮಾತ್ರ. ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ, ಆಮೇಲೆ ಪೆನ್ನು ಹಿಡಿಯಿರಿ. ಖಾಲಿ ಕಾಗದವಾದರೆ ತಿರುಗಿ ಕೊಡಿರಿ.