ಗಾಡಿ ಯಾವಾಗ ಕಾಯ್ತು?

ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಮುಂದೆ ಹತ್ತು ಗಾಡಿ, ಹಿಂದೆ ಎಷ್ಟೋ. ಶಹಾಪುರದ ಮನೆ ಬಿಟ್ಟು ಇನ್ನೂ ಅರ್ಧ ತಾಸಾಗಿರಲಿಲ್ಲ. ನಾನೂ ನನ್ನ ತಂಗಿಯ ಮಗಳು ಪುಟ್ಟಿಯೂ ಖಾನಾಪುರ ತಾಲ್ಲೂಕಿನ ಕಣಕುಂಬಿಗೆ ಹೊರಟಿದ್ದೆವು. ಮಲಪ್ರಭಾ ಹೊಳೆ ಹುಟ್ಟುವ ಜಾಗ ನೋಡಬೇಕೆಂದು ಅವಳು ಹಟ ಹಿಡಿದು ಒಂದು ತಿಂಗಳಾಗಿತ್ತು.

"ಮಾಮಾ, ಈ ಮುಳ್ಳು ಮ್ಯಾಲ ಹೊಂಟೈತಿ ನೋಡು," ಅಂದಳು ಹಿಂದಿನ ಸೀಟಿನಿಂದ ಇಣುಕಿ.

ನೋಡಿದೆ. ಯಾವಾಗಲೂ ನಡುಮಧ್ಯೆ ನಿಲ್ಲುವ ಬಿಸಿಯ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೆ ಬಂದಿತ್ತು. ತಕ್ಷಣ ಇಂಜಿನ್ ಬಂದ್ ಮಾಡಿದೆ. ರೈಲು ಹೋಯಿತು, ಗೇಟು ಎದ್ದಿತು, ಮತ್ತೆ ಚಾಲೂ ಮಾಡಿ ಖಾನಾಪುರ ರಸ್ತೆ ಹಿಡಿದೆವು. ಉದ್ಯಮಬಾಗ ಬರುವಷ್ಟರಲ್ಲಿ ಮುಳ್ಳು ಇಳಿದು ತನ್ನ ಜಾಗಕ್ಕೆ ಬಂದು ಕೂತಿತ್ತು.

"ನಿಂತಾಗ ಕಾಯ್ತು, ಓಡೂಮುಂದ ತಣ್ಣಗಾತು. ನಾವು ಓಡಿದ್ರ ಮೈ ಬಿಸಿ ಆಗ್ತೈತಿ. ಗಾಡಿಗ್ಯಾಕ ಉಲ್ಟಾ?"

ಐದನೇ ಇಯತ್ತೆಯ ಹುಡುಗಿ ಇಂಥ ಪ್ರಶ್ನೆ ಕೇಳಿದಾಗ ಉತ್ತರ ಸಿಗದೆ ಕಣಕುಂಬಿಗೆ ಹೋಗುವ ಚೋರ್ಲಾ ರಸ್ತೆ ಹಿಡಿಯಬಾರದು ಅನಿಸಿತು. ಗಾಡಿ ತಿರುಗಿಸಿದೆ.

ಮಕ್ಕಳೇ, ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆ, ನಿಮಗೆ ಗೊತ್ತಿರಬಹುದು. ಅಲ್ಲಿ ಕಬ್ಬಿಣವನ್ನು ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಹೊಯ್ಯುವಾಗ ಆ ಕೆಂಪು ರಸದ ಬಿಸಿ ಸುಮಾರು 1,400 ಡಿಗ್ರಿ. ಈಗ ಒಂದು ಆಶ್ಚರ್ಯ ಕೇಳಿ. ಕಾರಿನ ಇಂಜಿನ್ನಿನೊಳಗೆ ಪೆಟ್ರೋಲು ಹೊತ್ತಿಕೊಂಡಾಗ ಹುಟ್ಟುವ ಬೆಂಕಿ 2,000 ಡಿಗ್ರಿಯನ್ನೂ ದಾಟುತ್ತದೆ! ಅದೂ ಒಂದು ಸಲವಲ್ಲ. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸಲ ಹೊತ್ತುತ್ತದೆ. ಸುತ್ತಲಿನ ಗೋಡೆ ಕಬ್ಬಿಣದ್ದು, ಇಲ್ಲವೇ 660 ಡಿಗ್ರಿಗೇ ಕರಗುವ ಅಲ್ಯೂಮಿನಿಯಮ್ಮಿನದು. ಹಾಗಾದರೆ ಇಂಜಿನ್ ಕರಗಿ ರಸ್ತೆಗೆ ಸುರಿಯುವುದಿಲ್ಲ ಯಾಕೆ?

ಒಂದು, ಆ ಬೆಂಕಿ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಆರುತ್ತದೆ. ಇನ್ನೊಂದು, ಗೋಡೆಗೆ ತಾಗಿದ ಬಿಸಿಗೆ ಅಲ್ಲಿ ಕೂರಲು ಬಿಡುವುದಿಲ್ಲ. ಗೋಡೆಯ ಬೆನ್ನಿಗೇ ನೀರು ಹರಿಯುತ್ತಿರುತ್ತದೆ. ಬಿಸಿಯನ್ನು ಹೊತ್ತ ಆ ನೀರು ರಬ್ಬರಿನ ಪೈಪಿನಲ್ಲಿ ಗಾಡಿಯ ಮೂತಿಯ ಹತ್ತಿರವಿರುವ ರೇಡಿಯೇಟರಿಗೆ ಹೋಗಿ, ಬಿಸಿಯನ್ನು ಗಾಳಿಗೆ ಕೊಟ್ಟು, ತಣ್ಣಗಾಗಿ ವಾಪಸ್ ಬರುತ್ತದೆ. ನಾವು ಹಾಕಿಸಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೀಗೆ ಗಾಳಿಗೇ ಹೋಗುತ್ತದೆ.

ಈ ನೀರನ್ನು ತಳ್ಳಲು ಒಂದು ಪಂಪ್ ಇದೆ. ಬೆಳಗಾವಿಯಲ್ಲಿ ಕುಂದಾ ಮಾಡುವುದನ್ನು ನೋಡಿದವರಿಗೆ ಅದರ ಕೆಲಸ ಹೇಳಿಕೊಡಬೇಕಿಲ್ಲ. ಹಾಲು ಕಾಯುತ್ತಿರುವಾಗ ಕೈ ಬಿಡದೆ ತಿರುವುತ್ತಿರಬೇಕು. ಒಂದು ಗಳಿಗೆ ನಿಲ್ಲಿಸಿದರೂ ತಳ ಹತ್ತುತ್ತದೆ. ಇಂಜಿನ್ನಿನ ನೀರೂ ಹಾಗೆಯೇ. ನಿಂತರೆ ಬೆಂಕಿಯ ಪಕ್ಕದ ನೀರು ಅಲ್ಲಲ್ಲೇ ಕುದಿಯುತ್ತದೆ.

ಮೊದಮೊದಲು ಇಷ್ಟೆಲ್ಲ ವ್ಯವಸ್ಥೆ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಖಾನಾಪುರದ ಮಣ್ಣಿನ ಗಡಿಗೆ ನೆನಪಿಸಿಕೊಳ್ಳಿ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ, ಅದಕ್ಕೇ ನೀರು ತಂಪು. ಬೆಂಜ್ ಗಾಡಿಯದೂ ಅದೇ ಉಪಾಯ. ಆದರೆ ನೀರು ಮುಗಿಯುತ್ತಲೇ ಇರುತ್ತಿತ್ತು. 1888ರ ಆಗಸ್ಟಿನಲ್ಲಿ ಅವರ ಹೆಂಡತಿ ಬೆರ್ಥಾ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ, ಆ ಗಾಡಿ ಓಡಿಸಿಕೊಂಡು ಹೋದರು. ದಾರಿಯುದ್ದಕ್ಕೂ ನೀರು ಸಿಕ್ಕಲ್ಲಿ ನಿಲ್ಲಿಸಿ ತುಂಬಿಸಿಕೊಳ್ಳಬೇಕಾಯಿತು. ಆಮೇಲೆ ವಿಲ್‌ಹೆಲ್ಮ್ ಮೈಬಾಖ್ ಅನ್ನುವ ಇಂಜಿನಿಯರ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. 1901ರ ಮರ್ಸಿಡಿಸ್ ಗಾಡಿಯ ಆ ಗೂಡಿನಲ್ಲಿ 8,070 ಪುಟ್ಟ ಕೊಳವೆಗಳಿದ್ದವು. ಕೊಳವೆಯೊಳಗೆ ಗಾಳಿ, ಸುತ್ತ ನೀರು. ಇಷ್ಟು ಕಡೆ ಗಾಳಿ ತಾಗಿದ್ದರಿಂದ ಸ್ವಲ್ಪವೇ ನೀರು ಸಾಕಾಯಿತು. ನನಗಂತೂ ಇಡೀ ಗಾಡಿಯಲ್ಲಿ ಬಲು ಚಂದದ ವಸ್ತು ರೇಡಿಯೇಟರೇ.

ಶಹಾಪುರಕ್ಕೆ ಮರಳಿ ನಮ್ಮ ಓಣಿಯ ಮಿಸ್ತ್ರಿ ಕಾಕಾನ ಮುಂದೆ ಗಾಡಿ ನಿಲ್ಲಿಸಿದೆ. ಅವರು ಬಾನೆಟ್ ಎತ್ತುವ ಮೊದಲೇ ಕೇಳಿದರು:

"ಯಾವಾಗ ಕಾಯ್ತ್ರೀ? ನಿಂತಾಗೋ, ಓಡೂಮುಂದೋ?"

ಡಾಕ್ಟರು ಜ್ವರ ಹಗಲು ಬರುತ್ತದೋ ರಾತ್ರಿಯೋ ಎಂದು ಕೇಳುತ್ತಾರಲ್ಲ, ಹಾಗೆ. ಓಡುವ ಗಾಡಿಯ ರೇಡಿಯೇಟರಿಗೆ ಎದುರುಗಾಳಿ ಪುಕ್ಕಟೆ ಸಿಗುತ್ತದೆ. ನಿಂತರೆ ಗಾಳಿ ಎಲ್ಲಿಂದ ಬರಬೇಕು? ಅದಕ್ಕಾಗಿಯೇ ಒಂದು ಫ್ಯಾನ್ ಇಟ್ಟಿರುತ್ತಾರೆ. ಪುಟ್ಟಿಯ ಪ್ರಶ್ನೆಯಲ್ಲೇ ಉತ್ತರ ಇತ್ತು.

ಗಾಡಿ ನಿಂತಾಗ ಸುಮ್ಮನಿದ್ದು ಗೋವಾ ಕಡೆಯಿಂದ ಚೋರ್ಲಾ ಘಾಟ್ ಹತ್ತುವಾಗ ಕಾದರೆ ಕಾಕಾ ಬೇರೆ ಕಡೆ ಹುಡುಕುತ್ತಿದ್ದರು. ಏರಿನಲ್ಲಿ ಇಂಜಿನ್ ಹೆಚ್ಚು ದುಡಿಯುತ್ತದೆ, ಹೆಚ್ಚು ಬಿಸಿ ಹೊರಗೆ ಹಾಕಬೇಕು. ನೀರು ಕಡಿಮೆಯಿದ್ದರೆ, ಪಂಪ್ ಸೋತಿದ್ದರೆ, ರೇಡಿಯೇಟರ್ ಕಟ್ಟಿದ್ದರೆ ಆಗ ಗೊತ್ತಾಗುತ್ತದೆ. ಬಾವಿಯ ಗಡಸು ನೀರನ್ನೇ ವರ್ಷಗಟ್ಟಲೆ ಹಾಕಿದರೆ ಬಚ್ಚಲ ಹಂಡೆಯೊಳಗೆ ಕಟ್ಟುವಂಥ ಬಿಳಿ ಪದರು ರೇಡಿಯೇಟರಿನಲ್ಲೂ ಕಟ್ಟುತ್ತದೆ. ಹೊರಗಿನಿಂದಲೂ ಕಟ್ಟಬಹುದು. ಮಗ್ಗದ ಓಣಿಯಲ್ಲಿ ನಿಲ್ಲುತ್ತಿದ್ದ ಒಂದು ಗಾಡಿಯ ರೇಡಿಯೇಟರಿನ ಮೇಲೆ ನೂಲಿನ ಧೂಳು ಕಂಬಳಿಯಂತೆ ಕೂತಿದ್ದನ್ನು ನಾನೇ ನೋಡಿದ್ದೇನೆ.

ಮನೆ ಬಿಟ್ಟು ಐದು ನಿಮಿಷಕ್ಕೇ ಕಾದರೆ ಅನುಮಾನ ಥರ್ಮೋಸ್ಟಾಟ್ ಮೇಲೆ. ಅದು ನೀರಿನ ದಾರಿಯ ಬಾಗಿಲು. ಅದರ ಪುಟ್ಟ ಬಟ್ಟಲಿನಲ್ಲಿ ಮೇಣ ಇರುತ್ತದೆ. ನೀರು ಎಂಬತ್ತು, ಎಂಬತ್ತೈದು ಡಿಗ್ರಿ ದಾಟಿದಾಗ ಮೇಣ ಕರಗಿ ಉಬ್ಬಿ ಬಾಗಿಲನ್ನು ತಳ್ಳುತ್ತದೆ. ಕಾಕಾ ಹಳೆಯದೊಂದನ್ನು ದಾರಕ್ಕೆ ಕಟ್ಟಿ, ಸ್ಟೋವಿನ ಮೇಲೆ ಕುದಿಯುತ್ತಿದ್ದ ನೀರಿಗೆ ಇಳಿಬಿಟ್ಟರು. ಪುಟ್ಟಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹಿತ್ತಾಳೆಯ ತಟ್ಟೆ ಮೆಲ್ಲಗೆ ಬಾಯಿ ಬಿಟ್ಟಿತು. ಬಾಗಿಲು ಸಿಕ್ಕಿಕೊಂಡರೆ ಇಂಜಿನ್ ಸುಡುತ್ತಿರುತ್ತದೆ, ರೇಡಿಯೇಟರಿನ ಕೆಳಗಿನ ಪೈಪು ಮಾತ್ರ ತಣ್ಣಗಿರುತ್ತದೆ. ಕೆಲವರು ತಲೆನೋವೇ ಬೇಡವೆಂದು ಅದನ್ನು ಕಿತ್ತು ಬಿಸಾಡುತ್ತಾರೆ. ಅದು ತಪ್ಪು. ಆಗ ಇಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತದೆ.

ಈ ನಡುವೆ ಪುಟ್ಟಿಯ ಕೈ ರೇಡಿಯೇಟರಿನ ಮುಚ್ಚಳದ ಕಡೆ ಹೋಯಿತು. "ಯವ್ವಾ, ಅದಕ್ಕ ಕೈ ಹಚ್ಚಬ್ಯಾಡ!" ಎಂದು ಕಾಕಾ ಅವಳನ್ನು ಹಿಂದಕ್ಕೆ ಎಳೆದರು. ಇದನ್ನು ನೀವೂ ಮರೆಯಬೇಡಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಆದರೆ ಆ ಮುಚ್ಚಳ ಅಡುಗೆಮನೆಯ ಕುಕ್ಕರಿನ ಸೀಟಿಯಂತೆ ಒತ್ತಡ ಹಿಡಿದಿಡುತ್ತದೆ. ಒತ್ತಡದಲ್ಲಿ ನೀರು 120 ಡಿಗ್ರಿಯ ತನಕ ಕುದಿಯದೆ ಇರಬಲ್ಲದು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಆ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ದೊಡ್ಡವರೂ ಅರ್ಧ ತಾಸಾದರೂ ಕಾಯಬೇಕು. ಆ ನೀರಿಗೆ ಬೆರೆಸುವ ಹಸಿರು ಅಥವಾ ಗುಲಾಬಿ ಕೂಲಂಟ್ ನೋಡಲು ಶರಬತ್ತಿನಂತೆ, ರುಚಿಯೂ ಸಿಹಿ, ಆದರೆ ವಿಷ. ಚೆಲ್ಲಿದ್ದರೆ ನಾಯಿ, ಬೆಕ್ಕು ನೆಕ್ಕದಂತೆ ತೊಳೆಸಬೇಕು.

ಕಾಕಾ ಇಂಜಿನ್ ಚಾಲೂ ಮಾಡಿ ಏಸಿ ಹಾಕಿದರು. ಏಸಿ ಹಾಕಿದೊಡನೆ ತಿರುಗಬೇಕಾದ ಫ್ಯಾನ್ ತಿರುಗಲಿಲ್ಲ. ಬ್ಯಾಟರಿಯಿಂದ ಎರಡು ವೈರು ಎಳೆದು ನೇರ ಕೊಟ್ಟರು. ಗುಂಯ್ ಅಂತ ತಿರುಗಿತು! ಅಂದರೆ ಫ್ಯಾನಿಗೆ ಏನೂ ಆಗಿಲ್ಲ, ಅದಕ್ಕೆ ಕರೆಂಟು ತಲುಪುತ್ತಿಲ್ಲ. ಫ್ಯೂಸ್ ನೋಡಿದರು, ಸರಿಯಾಗಿತ್ತು. ಆಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿ ಕಿತ್ತರು. ಅದು ರಿಲೇ, ಅಂದರೆ ಕರೆಂಟಿನ ಸ್ವಿಚ್ಚು. ಪಕ್ಕದಲ್ಲೇ ಹಾರ್ನಿನದೂ ಅಂಥದೇ ರಿಲೇ ಇತ್ತು. ಅದನ್ನು ತೆಗೆದು ಫ್ಯಾನಿನ ಜಾಗಕ್ಕೆ ಹಾಕಿದರು.

"ಈಗ ಹಾರ್ನ್ ಒತ್ತು ತಂಗಿ."

ಪುಟ್ಟಿ ಒತ್ತಿದಳು. ಹಾರ್ನ್ ಮೂಕ. ಫ್ಯಾನ್ ತಿರುಗುತ್ತಿತ್ತು. ಅವಳು ಚಪ್ಪಾಳೆ ತಟ್ಟಿದಳು. ಕೆಟ್ಟ ರಿಲೇಯ ಮುಚ್ಚಳ ಬಿಚ್ಚಿ ತೋರಿಸಿದರು ಕಾಕಾ. ಒಳಗೆ ಒಂದಕ್ಕೊಂದು ತಾಗಬೇಕಾದ ಎರಡು ಚುಕ್ಕೆಗಳು ಸುಟ್ಟು ಕಪ್ಪಗಾಗಿದ್ದವು. ಸಾಸಿವೆ ಕಾಳಿನಷ್ಟು ಕಪ್ಪು.

ಹೊಸ ರಿಲೇ ಹಾಕಿಸಿಕೊಂಡು ಮುಂದಿನ ಭಾನುವಾರ ಕಣಕುಂಬಿಗೆ ಹೋಗಿಬಂದೆವು. ಬರುವಾಗ ಗೇಟು ಮತ್ತೆ ಹಾಕಿತ್ತು, ಮುಳ್ಳು ಅಲುಗಲಿಲ್ಲ. ಮನೆ ಮುಂದೆ ನಿಲ್ಲಿಸಿ ಕೀಲಿ ತೆಗೆದ ಮೇಲೂ ಬಾನೆಟ್ಟಿನೊಳಗೆ ಗುಂಯ್‌ಗುಡುವುದು ಕೇಳಿತು.

"ಮಾಮಾ, ಗಾಡಿ ಬಂದ್ ಆತು. ಫ್ಯಾನ್ ಇನ್ನೂ ತಿರಗಾಕತ್ತೈತಿ. ರಿಲೇ ಮತ್ತ ಕೆಟ್ಟಿತೇನು?"

ಕೆಟ್ಟಿರಲಿಲ್ಲ. ಕೆಲವು ಗಾಡಿಗಳಲ್ಲಿ ಹಾಗೆಯೇ ಮಾಡಿರುತ್ತಾರೆ. ಬೆಂಕಿ ಆರಿದರೂ ಲೋಹದೊಳಗೆ ಬಿಸಿ ಉಳಿದಿರುತ್ತದೆ, ಪಂಪ್ ನಿಂತಿರುವುದರಿಂದ ನೀರು ಇನ್ನಷ್ಟು ಕಾಯುತ್ತದೆ. ಒಲೆ ಆರಿಸಿದ ಮೇಲೂ ರೊಟ್ಟಿಯ ಹಂಚು ಸುಡುತ್ತಿರುತ್ತದಲ್ಲ, ಹಾಗೆ. ಪುಟ್ಟಿ ಅಲ್ಲೇ ಕಟ್ಟೆಯ ಮೇಲೆ ಕೂತು ಎಣಿಸಲು ಶುರುಮಾಡಿದಳು. ತೊಂಬತ್ತೆರಡಕ್ಕೆ ಫ್ಯಾನ್ ನಿಂತಿತು.